ಜಗದೇವಪ್ಪ ಕಂಡ ಜ್ವಾಲಾಮುಖಿ

ಆಳಂದದ ಅಡುಗೆ ಜಗದೇವಪ್ಪ ಏಳು ದೇಶ ತಿರುಗಿದ ಮನುಷ್ಯ. ಇದರಲ್ಲಿ ಸುಳ್ಳೇನೂ ಇಲ್ಲ, ಪಾಸ್‌ಪೋರ್ಟಿನ ತುಂಬ ಠಸ್ಸೆಗಳಿದ್ದವು. ಆದರೆ ಆ ಏಳು ದೇಶಗಳಲ್ಲಿ ಅವನು ಕಂಡದ್ದು ಅಡುಗೆಮನೆಗಳನ್ನು ಮಾತ್ರ. ಈ ಸಂಗತಿಯನ್ನು ಅವನು ಊರಲ್ಲಿ ಒಬ್ಬರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಹುಟ್ಟಿದ್ದು ಮಟಕಿ ಎಂಬ ಹಳ್ಳಿಯಲ್ಲಿ. ಅಪ್ಪ ಬೇಗ ತೀರಿಕೊಂಡ ಮೇಲೆ ತಾಯಿ ಅವನನ್ನು ಆಳಂದದ ಒಂದು ಮಠದ ದಾಸೋಹಕ್ಕೆ ತಂದು ಬಿಟ್ಟಳು. ಅಲ್ಲಿ ಸೌದೆ ಒಟ್ಟುತ್ತ, ಕೊಪ್ಪರಿಗೆ ತಿಕ್ಕುತ್ತ ಬೆಳೆದ. ಹುಗ್ಗಿ ಹದಕ್ಕೆ ಬಂತೆಂದು ಮೂಗಿನಿಂದಲೇ ಹೇಳುವಷ್ಟು ಪಳಗಿದ. ಮುಂದೆ ಸುತ್ತಲಿನ ಊರುಗಳ ಮದುವೆಗಳಿಗೆಲ್ಲ ಅವನದೇ ಅಡುಗೆ. ಅವನು ಮಾಡಿದ ಎಣ್ಣೆಗಾಯಿ ಉಂಡ ಬೀಗರು ವರದಕ್ಷಿಣೆಯ ತಕರಾರು ಮರೆತು ಎರಡನೇ ಸಲ ಬಡಿಸಿಕೊಂಡರು ಎಂದು ಜನ ಆಡಿಕೊಳ್ಳುತ್ತಿದ್ದರು. ಜನರಿಗೇನು, ಉಂಡ ಮೇಲೆ ನಾಲಿಗೆ ಉದ್ದವಾಗುತ್ತದೆ.

ಅಂಥ ಒಂದು ಮದುವೆಯಲ್ಲೇ ಕಲಬುರಗಿಯ ಟೂರಿನ ಕಂಪನಿಯವನೊಬ್ಬ ಅವನನ್ನು ಹಿಡಿದ. ನಮ್ಮ ಕಡೆಯ ಸಾಹುಕಾರರಿಗೆ, ಸಾಹುಕಾರ್ತಿಯರಿಗೆ ಪರದೇಶ ನೋಡುವ ಆಸೆ ಹುಟ್ಟಿತ್ತು, ಆದರೆ ಪರದೇಶದ ಅನ್ನ ಬೇಕಿರಲಿಲ್ಲ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿಕೊಳ್ಳದೆ ಚಹಾ ಸಹ ಕುಡಿಯದ ಜನ ಅವರು. ತತ್ತಿ ಬೇಯಿಸಿದ ಪಾತ್ರೆಯ ಅನ್ನವನ್ನು ಹೇಗೆ ಮುಟ್ಟಿಯಾರು? ಅದಕ್ಕಾಗಿ ಪ್ರತಿ ಟೂರಿನಲ್ಲೂ ಜಗದೇವಪ್ಪ, ಜೊತೆಗೆ ಅವನ ಕುಕ್ಕರು, ಖಾರಬ್ಯಾಳಿ ಮಸಾಲೆಯ ಡಬ್ಬಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಹೆಂಡತಿ ಶಾರದಾಬಾಯಿ ಬಡಿದು ಒಣಗಿಸಿ ಕಟ್ಟಿಕೊಟ್ಟ ಸಜ್ಜೆಯ ಕಡಕ್ ರೊಟ್ಟಿ. ಪ್ಯಾಸೆಂಜರುಗಳು ನಾಷ್ಟಾ ಮುಗಿಸಿ ಊರು ನೋಡಲು ಹೊರಟರೆ ಇವನು ಮಧ್ಯಾಹ್ನದ ಬೇಳೆ ಇಡುತ್ತಿದ್ದ. ಅವರು ಮಧ್ಯಾಹ್ನ ಉಂಡು ಮತ್ತೆ ಹೊರಟರೆ ಇವನು ರಾತ್ರಿಯ ಹಿಟ್ಟು ನಾದುತ್ತಿದ್ದ. ದುಬೈ ಅಂದರೆ ಅವನಿಗೆ ಒಂದು ಕಿಟಕಿ ಮತ್ತು ಆ ಕಿಟಕಿಯಾಚೆಗಿನ ಬಿಳಿ ಗೋಡೆ. ಸಿಂಗಾಪುರಕ್ಕೆ ಕಿಟಕಿಯೂ ಇರಲಿಲ್ಲ.

ಮೊದಲನೇ ಸಲ ಪರದೇಶದಿಂದ ಮನೆಗೆ ಬಂದಾಗ ಶಾರದಾಬಾಯಿ ಚೀಲ ಕೆಳಗಿಡುವ ಮುಂಚೆಯೇ ಕೇಳಿದ್ದಳು: “ಏನೇನ್ ನೋಡಿದ್ರಿ? ಎಲ್ಲಾ ಹೇಳ್ರಿ. ಒಂದೂ ಬಿಡಬ್ಯಾಡ್ರಿ.”

ಸೊಲ್ಲಾಪುರ ದಾಟಿ ಹೋಗದ ಹೆಂಗಸು. ಅವಳ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ ‘ಸಿಂಕು ನೋಡಿದೆ, ಸಿಲಿಂಡರು ನೋಡಿದೆ’ ಎನ್ನಲು ಜಗದೇವಪ್ಪನಿಗೆ ನಾಲಿಗೆ ಏಳಲಿಲ್ಲ. ಬಡಿಸುವಾಗ ಪ್ಯಾಸೆಂಜರುಗಳು ಆಡಿದ ಮಾತುಗಳನ್ನು ನೆನಪಿಸಿಕೊಂಡು, ಅದಕ್ಕಿಷ್ಟು ಒಗ್ಗರಣೆ ಹಾಕಿ ಹೇಳಿದ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಅಂದಿನಿಂದ ಅದೇ ರೂಢಿಯಾಯಿತು. ದುಬೈಯ ಗೋಪುರ ಏರಿದರೆ ಕಿವಿ ಹೇಗೆ ಗುಂಯ್ ಎನ್ನುತ್ತವೆ ಎಂಬುದನ್ನು ಅವನು ಹೇಳುವಾಗ ಪಕ್ಕದ ಮನೆಯ ದಾವಲಸಾಬ ತನ್ನ ಕಿವಿ ಮುಟ್ಟಿಕೊಂಡು ನೋಡುತ್ತಿದ್ದ. ಹೇಳಿ ಮುಗಿಸಿದ ಮೇಲೆ ಜಗದೇವಪ್ಪನಿಗೆ ಮಾತ್ರ ಉಂಡ ಅನ್ನ ಎದೆಯಲ್ಲೇ ನಿಂತಂತೆ ಆಗುತ್ತಿತ್ತು. ಒಂದೇ ಒಂದು ಸಲ, ಕಣ್ಣಾರೆ ಕಂಡದ್ದನ್ನು ಅವಳಿಗೆ ಹೇಳಬೇಕು. ಇಷ್ಟೇ ಅವನ ಆಸೆ.

ಈ ವರ್ಷ ಇಂಡೋನೇಷ್ಯಾಕ್ಕೆ ಹೊರಟಾಗ ಟೂರಿನ ಮ್ಯಾನೇಜರ ಸುನೀಲಕುಮಾರ ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲೇ ಸುದ್ದಿ ಕೊಟ್ಟಿದ್ದ. “ಜಗದೇವಪ್ಪ ಕಾಕಾ, ಮುಂದಿನ ಸಲದಿಂದ ಕಂಪನಿಯವ್ರು ಅಡಗಿಯವ್ರನ್ನ ಕಳಸಂಗಿಲ್ಲಂತ್ರಿ. ಈಗ ಎಲ್ಲಾ ಕಡೆ ನಮ್ಮ ಮಂದಿ ಹೋಟೆಲ್ ಆಗ್ಯಾವ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಜಗದೇವಪ್ಪ ಬೇಸರ ಮಾಡಿಕೊಳ್ಳಲಿಲ್ಲ, ಮದುವೆಗಳು ಇದ್ದೇ ಇದ್ದವು. ಆದರೆ ಇದು ಕಡೆಯ ಟೂರು ಎಂಬುದು ಎದೆಗೆ ನಾಟಿತು. ಬಾಂಡುಂಗ್ ಎಂಬ ಊರಿಗೆ ಬಂದು ಇಳಿದ ಸಂಜೆ ಸುನೀಲಕುಮಾರ ಮರುದಿನದ ಕಾರ್ಯಕ್ರಮ ಓದಿದ: ಊರ ಹೊರಗಿನ ಬೆಟ್ಟಕ್ಕೆ ಹೋಗಿ ಜ್ವಾಲಾಮುಖಿಯ ಬಾಯಿ ನೋಡುವುದು, ಮಧ್ಯಾಹ್ನದ ಊಟಕ್ಕೆ ಹೋಟೆಲಿಗೆ ವಾಪಸು. ಪಲ್ಯ ಬಡಿಸುತ್ತಿದ್ದ ಜಗದೇವಪ್ಪನ ಸೌಟು ಅಲ್ಲೇ ನಿಂತಿತು. ಭೂಮಿಗೆ ಬಾಯಿ ಇರುತ್ತದಂತೆ, ಅದನ್ನು ಅಂಚಿಗೆ ನಿಂತು ನೋಡಬಹುದಂತೆ. ಹೋಗದಿದ್ದರೆ ಇದನ್ನೂ ನಾಳೆ ಯಾರದೋ ಬಾಯಿಂದ ಕೇಳಿ ಶಾರದಾಬಾಯಿಗೆ ಹೇಳಬೇಕಾಗುತ್ತದೆ.

“ಸುನೀಲ್ ಸಾಹೇಬ್ರ,” ಎಂದ, “ನಾಳಿ ಊಟ ಬುತ್ತಿ ಕಟ್ಟಿಕೊಂಡು ಅಲ್ಲೇ ಒಯ್ದರ ಹ್ಯಾಂಗ?”

ಸುನೀಲಕುಮಾರ ಬಾಯಿ ತೆರೆಯುವ ಮೊದಲೇ ಅಫಜಲಪುರದ ದೌಲತರಾಯರು ಗುಡುಗಿದರು. ಹವಳಗಾದ ಕಾರ್ಖಾನೆಗೆ ವರ್ಷವೂ ಕಬ್ಬು ಕಳಿಸುವ ದೊಡ್ಡ ರೈತ ಅವರು. ಬೇಳೆ ಹಬೆಯಾಡದಿದ್ದರೆ ತಟ್ಟೆಯನ್ನೇ ಸರಿಸುವ ಮನುಷ್ಯ. “ತಂಗಳ ಉಣ್ಣಾಕ ಇಷ್ಟು ದೂರ ಬಂದೇವೇನಪಾ?”

ಜಗದೇವಪ್ಪ ಸೌಟು ಕೆಳಗಿಟ್ಟ. “ಗೌಡ್ರ, ಎಳ್ಳಮಾಸಿ ದಿನ ಹೊಲದಾಗ ಕುಂತು ಏನ ಉಣ್ತೀರಿ? ಬಿಸಿ ಬ್ಯಾಳಿ ಉಣ್ತೀರೇನು? ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ. ಎಲ್ಲಾ ಮಾಡ್ತೇನಿ. ಸೊಪ್ಪು ಇಲ್ಲಿ ಬಾಜಾರದಾಗ ನೋಡಿಟ್ಟೇನಿ. ಗುಡ್ಡದ ಮ್ಯಾಲ ಗಿಡದ ನೆರಳಿಗೆ ಕುಂತು ಉಂಡ್ರ ಅದರ ರುಚಿನ ಬ್ಯಾರೆ ಇರ್ತದ.”

ಸೊಪ್ಪು, ಕಾಳು ಕೂಡಿಸಿ ಬೇಯಿಸುವ ಆ ಭಜ್ಜಿಯ ಹೆಸರು ಕೇಳಿ ಎಲ್ಲರೂ ಅವನತ್ತ ತಿರುಗಿದರು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ, ಸಾಲಾಗಿ ಕುಳಿತು ಉಂಡ ಊಟವನ್ನು ನಮ್ಮ ಸೀಮೆಯವರು ಯಾವ ದೇಶಕ್ಕೆ ಹೋದರೂ ಮರೆಯುವುದಿಲ್ಲ. ದೌಲತರಾಯರು ಮೀಸೆಯನ್ನು ಎರಡು ಸಲ ಒರೆಸಿಕೊಂಡು, “ಖಾರ ಮುಂದಿರಲಿ ಮತ್ತ,” ಎಂದರು. ಸುನೀಲಕುಮಾರ ಕಾರ್ಯಕ್ರಮದ ಹಾಳೆಯಲ್ಲಿ ಊಟದ ಜಾಗ ತಿದ್ದಿದ.

ನಸುಕಿನಲ್ಲೇ ಎದ್ದು ಜಗದೇವಪ್ಪ ಎಲ್ಲ ಮುಗಿಸಿದ. ಸ್ನಾನ ಮಾಡಿ, ಲಿಂಗಪೂಜೆ ಮಾಡಿಕೊಂಡು, ಹಣೆಗೆ ವಿಭೂತಿ ಹಚ್ಚಿ, ಮಗಳ ಮದುವೆಯಲ್ಲಿ ಹೊಲಿಸಿದ ಬಿಳಿ ಅಂಗಿ ತೊಟ್ಟು ಬಸ್ಸಿನ ಹಿಂದಿನ ಸೀಟಿನಲ್ಲಿ ಬುತ್ತಿಯ ಡಬ್ಬಿಗಳ ನಡುವೆ ಕುಳಿತ. ದಾರಿಯುದ್ದಕ್ಕೂ ಚಹಾದ ತೋಟ, ಎತ್ತರದ ಮರಗಳು, ಮೈಗೆ ಹತ್ತುವ ಚಳಿ. ಅಲ್ಲಿನ ಗೈಡು ಹೇಳುತ್ತಿದ್ದುದನ್ನು ಸುನೀಲಕುಮಾರ ಕನ್ನಡ ಮಾಡಿ ಹೇಳುತ್ತಿದ್ದ. ಬೆಟ್ಟದ ಹೆಸರಿಗೆ ಬೋರಲು ಬಿದ್ದ ದೋಣಿ ಎಂದು ಅರ್ಥವಂತೆ. ಕೆಲವು ವರ್ಷಗಳ ಹಿಂದೆ ಅದು ಬೂದಿ ಉಗುಳಿತ್ತಂತೆ. ಮೇಲೆ ಹೋದಾಗ ಕೊಳೆತ ತತ್ತಿಯ ನಾತ ಬರುತ್ತದಂತೆ. ಇದನ್ನು ಕೇಳಿ ಪ್ಯಾಸೆಂಜರುಗಳು ಮುಖ ಮುಖ ನೋಡಿಕೊಂಡರು. ಕೊಳೆತದ್ದಿರಲಿ, ಒಳ್ಳೆಯ ತತ್ತಿಯ ವಾಸನೆ ಹೇಗಿರುತ್ತದೆಂದೂ ಆ ಬಸ್ಸಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿದವರಿದ್ದರೂ ಹೇಳುವ ಹಾಗಿರಲಿಲ್ಲ.

ಬೆಟ್ಟದ ಅರ್ಧಕ್ಕೆ ಬಸ್ಸು ನಿಂತಿತು. ದೊಡ್ಡ ಬಸ್ಸು ಮುಂದೆ ಹೋಗುವಂತಿಲ್ಲ, ಸಣ್ಣ ವ್ಯಾನುಗಳಲ್ಲೇ ಹತ್ತಬೇಕು ಎಂದರು. ಎಲ್ಲರೂ ಇಳಿದರು. ಸುನೀಲಕುಮಾರ ತಲೆ ಎಣಿಸಿ ವ್ಯಾನು ಹತ್ತಿಸುತ್ತ ಹಿಂದಿರುಗಿ ನೋಡಿದ.

“ಕಾಕಾ, ನೀವು ಇಲ್ಲೇ ಇರ್ರಿ. ಡ್ರೈವರ್ ಚಹಾ ಕುಡಿಯಾಕ ಹೋಗ್ಯಾನ. ಬಸ್ಸಿನಾಗ ಬುತ್ತಿ, ಎಲ್ಲಾರ ಬ್ಯಾಗು ಅದಾವ. ಒಬ್ರರೆ ಬೇಕಲ್ರಿ? ವ್ಯಾನಿನಾಗ ಜಾಗಾನೂ ಇಲ್ಲ.”

ಮಾತು ನ್ಯಾಯವಾಗಿಯೇ ಇತ್ತು. ಅದಕ್ಕೇ ಜಗದೇವಪ್ಪನಿಗೆ ಜಗಳ ಮಾಡಲು ಬರಲಿಲ್ಲ. “ಆತ್ರಿ,” ಎಂದು ಮತ್ತೆ ಬಸ್ಸು ಹತ್ತಿ ಡಬ್ಬಿಯ ಮೇಲೆ ಕೈಯಿಟ್ಟು ಕುಳಿತ. ಮರಗಳ ಮೇಲೆ, ಎಷ್ಟೋ ಎತ್ತರದಲ್ಲಿ, ಬಿಳಿ ಹೊಗೆಯೊಂದು ಕಾಣುತ್ತಿತ್ತು. ಏಳು ದೇಶದ ಅಡುಗೆಮನೆಗಳ ಜೊತೆಗೆ ಇದೊಂದು ಬಸ್ಸಿನ ಕಿಟಕಿ ಸೇರಿತು ಎಂದುಕೊಂಡ. ಅರವತ್ತರ ಹತ್ತಿರ ಬಂದ ಗಂಡಸು ಬುತ್ತಿ ಡಬ್ಬಿ ತಬ್ಬಿಕೊಂಡು ಅಳುವುದು ಚೆಂದವಲ್ಲ ಎಂದು ಸುಮ್ಮನೆ ಹೊರಗೆ ನೋಡಿದ.

ವ್ಯಾನು ಹತ್ತಿ ಕುಳಿತಿದ್ದ ವಿದ್ಯಾವತಿ ಬಾಯಿ ಅದನ್ನು ಕಂಡರು. ಜೇವರ್ಗಿಯ ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಜನರ ಮುಖ ನೋಡಿಯೇ ನೋವು ಎಲ್ಲಿದೆ ಎಂದು ತಿಳಿಯುವುದು ಅವರಿಗೆ ರೂಢಿ. ಅವರು ವ್ಯಾನಿನಿಂದ ಇಳಿದು ಬಂದರು.

“ಜಗದೇವಪ್ಪ, ಏಳು ಮ್ಯಾಲ. ನನ್ನ ಜಾಗಾದಾಗ ಹೋಗಿ ಕೂಡು.”

“ಛೇ ಛೇ, ನೀವು ರೊಕ್ಕಾ ಕೊಟ್ಟು ಬಂದವ್ರು, ಅಕ್ಕಾರ.”

“ನನಗ ದಮ್ಮು ಅದ ತಮ್ಮಾ. ಆ ಹೊಗಿ ಕುಡದು ನಾ ಅಲ್ಲೇ ಬಿದ್ದರ ನನ್ನ ಎತ್ತಾವ್ರು ಯಾರು? ಬುತ್ತಿ ನಾ ಕಾಯ್ತೇನಿ. ಆದ್ರ ಹೋಳಿಗಿ ಕಮ್ಮಿ ಆದ್ರ ಕೇಳಬಾರದು ನೋಡು.”

ಉಬ್ಬಸ ಇದ್ದದ್ದು ನಿಜವೋ, ಆ ಹೊತ್ತಿಗೆ ಬಂದದ್ದೋ, ದೇವರೇ ಬಲ್ಲ. ಜಗದೇವಪ್ಪ ಅವರ ಕಾಲು ಮುಟ್ಟಲು ಬಗ್ಗಿದ. ಅವರು ಬೆನ್ನಿಗೊಂದು ಗುದ್ದು ಕೊಟ್ಟು ಕಳಿಸಿದರು.

ಮೇಲೆ ಇಳಿದ ಕೂಡಲೇ ಮೂಗಿಗೆ ಬಡಿದದ್ದು ಬಾವಿ ತೋಡುವಾಗ ಕಲ್ಲು ಸಿಡಿಸುವ ಮದ್ದಿನಂಥ ವಾಸನೆ. ಅಂಗಡಿಗಳು, ಟೊಪ್ಪಿಗೆ ಮಾರುವವರು, ಫೋಟೋ ತೆಗೆಸಿಕೊಳ್ಳುವವರ ಗದ್ದಲ. ಜಗದೇವಪ್ಪ ಯಾವುದನ್ನೂ ನೋಡದೆ ನೇರ ಕಟ್ಟಿಗೆಯ ಬೇಲಿಯ ಹತ್ತಿರ ಹೋದ. ಹೋಗಿ ನಿಂತ.

ಎದುರಿಗೆ ಬೆಟ್ಟವೇ ಇರಲಿಲ್ಲ. ಬೆಟ್ಟದ ಹೊಟ್ಟೆ ಬಗೆದು ಹೋಗಿ, ಕಣ್ಣು ಹಾಯುವ ಅಗಲಕ್ಕೂ ಬರೀ ಬಯಲು, ಬರೀ ಆಳ. ಆಳಂದದ ಪೇಟೆ, ದರ್ಗಾ, ಬಸ್ ನಿಲ್ದಾಣ ಎಲ್ಲವನ್ನೂ ಎತ್ತಿ ಒಳಗಿಟ್ಟರೂ ಇನ್ನೂ ಜಾಗ ಉಳಿಯುವಂತಿತ್ತು. ಸುತ್ತಲಿನ ಗೋಡೆಗಳು ಸುಟ್ಟು ಸುಟ್ಟು ಬೂದಿಬಣ್ಣಕ್ಕೆ ತಿರುಗಿದ್ದವು. ಅಲ್ಲಲ್ಲಿ ಅರಿಶಿಣದ ಗೆರೆಗಳು, ತುಕ್ಕಿನ ಕಲೆಗಳು. ಒಂದು ಹುಲ್ಲುಕಡ್ಡಿಯೂ ಇಲ್ಲ. ತೀರ ಕೆಳಗೆ, ನೆಲದ ಬಿರುಕುಗಳಿಂದ ಬಿಳಿಯ ಹಬೆ ಏಳುತ್ತಿತ್ತು. ಬುಸ್ಸೆನ್ನುವ ಅದರ ಸದ್ದು ಇಷ್ಟು ಎತ್ತರಕ್ಕೂ ಕೇಳುತ್ತಿತ್ತು. ಗಾಳಿ ಬಂದರೆ ಹಬೆ ಬಾಗುತ್ತಿತ್ತು, ಗಾಳಿ ಹೋದರೆ ಮತ್ತೆ ನೆಟ್ಟಗೆ ಏಳುತ್ತಿತ್ತು.

ಜೀವಮಾನವೆಲ್ಲ ಬೆಂಕಿಯ ಜೊತೆ ಬಾಳಿದವನು ಜಗದೇವಪ್ಪ. ಅವನು ಹೊತ್ತಿಸಿದಾಗ ಹೊತ್ತಿ, ತಗ್ಗಿಸಿದಾಗ ತಗ್ಗಿ, ನೀರು ಚಿಮುಕಿಸಿದರೆ ಆರುವ ಬೆಂಕಿ ಅದು. ಸಾವಿರ ಜನರ ಅಡುಗೆಯನ್ನೂ ಹೆದರದೆ ಏರಿಸಿದವನು. ಇಲ್ಲಿ ಹೊತ್ತಿಸಿದವರಿಲ್ಲದ ಬೆಂಕಿ ಇತ್ತು. ಆಳಂದ ಎಂಬ ಹೆಸರು ಹುಟ್ಟುವ ಮುಂಚೆ, ಒಲೆ ಎಂಬುದನ್ನು ಮನುಷ್ಯ ಕಲಿಯುವ ಮುಂಚೆ, ಯಾರಿಗೂ ಏನನ್ನೂ ಬೇಯಿಸುವ ಗೊಡವೆಯಿಲ್ಲದೆ ಇದು ಹೀಗೇ ಉಸಿರಾಡುತ್ತ ಬಿದ್ದಿತ್ತು. ಅವನಿಗೆ ಭಯವಾಯಿತು. ಭಯದ ಜೊತೆಗೇ ತಾನು ಹುಟ್ಟಿದ್ದಕ್ಕೆ ಇದನ್ನು ಕಂಡೆನಲ್ಲ ಎಂಬ ಸಂತೋಷ ಉಕ್ಕಿ ಬಂತು. ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ‘ಎಪ್ಪಾ, ನನ್ನಪ್ಪಾ,’ ಎಂದಷ್ಟೇ ತುಟಿ ಆಡಿದವು.

ಆಗ ಶಾರದಾಬಾಯಿ ನೆನಪಾದಳು. ಸುನೀಲಕುಮಾರನನ್ನು ಕೇಳಿ ಅವನ ಫೋನಿನ ನೆಟ್ ಹಂಚಿಸಿಕೊಂಡು ವಿಡಿಯೋ ಕಾಲ್ ಮಾಡಿದ. ಆಳಂದದಲ್ಲಿ ಇನ್ನೂ ಬೆಳಗಿನ ರೊಟ್ಟಿ ಬಡಿಯುವ ಹೊತ್ತು. ಅವಳು ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿ ಗೋಡೆಗೆ ಆನಿಸಿದಳು.

“ಶಾರದಾ, ನೋಡು.”

“ಏನ್ರೀ ಅದು? ನಿಮ್ಮ ಬೆನ್ನ ಹಿಂದ ಹೊಗಿ ಏಳಾಕತ್ತದಲ್ಲ?”

“ಇದು... ಶಾರದಾ, ಇದು...” ಎಂದ ಜಗದೇವಪ್ಪ. ಮುಂದಕ್ಕೆ ಬರಲಿಲ್ಲ. ದುಬೈಯ ಗೋಪುರವನ್ನು ಒಂದು ತಾಸು ಏರಿಸಿ ಇಳಿಸಿದ ಬಾಯಿಗೆ ಒಂದು ಶಬ್ದವೂ ಸಿಗಲಿಲ್ಲ. ಕಣ್ಣಿಂದ ನೀರು ಇಳಿಯಿತು.

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶಾರದಾಬಾಯಿ ಮುಖವನ್ನು ಫೋನಿನ ಹತ್ತಿರ ತಂದು ಅವನನ್ನೇ ನೋಡಿದಳು. “ಈ ಸಲ ಖರೇನ ಹೋಗೀರಿ,” ಎಂದಳು.

“ಈ ಸಲ ಅಂದ್ರ?”

“ನಿಮ್ಮ ಅಂಗಿ ಒಗಿಯಾಕಿ ನಾನಲ್ಲೇನ್ರಿ? ದುಬೈದಿಂದ ಬಂದ್ರೂ ಒಗ್ಗರಣಿ ವಾಸನಿ, ಸಿಂಗಾಪುರದಿಂದ ಬಂದ್ರೂ ಒಗ್ಗರಣಿ ವಾಸನಿ. ಗಾಳ್ಯಾಗ ತಿರುಗಿದ ಅಂಗಿ ಹಂಗಿರ್ತದೇನು?”

ಜಗದೇವಪ್ಪನಿಗೆ ಬೇಲಿಯನ್ನು ಹಿಡಿದುಕೊಳ್ಳಬೇಕಾಯಿತು. “ಗೊತ್ತಿದ್ದೂ ಮತ್ಯಾಕ ಕೇಳ್ತಿದ್ದಿ?”

“ಹಗಲೆಲ್ಲಾ ಒಲಿ ಮುಂದ ಬೆಂದು ಬಂದ ಮನಷ್ಯಾ, ನನ್ನ ಸಲುವಾಗಿ ಕುಂತು ಊರಿಗೂರು ಕಟ್ಟಿ ತೋರಸ್ತಾನಲ್ಲ ಅಂತ ಕೇಳ್ತಿದ್ದೆ. ನನಗ ಅದ ಚಲೋ ಅನಸ್ತಿತ್ತು.”

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ತಡಿ, ಫೋನ್ ತಿರುಗಸ್ತೇನಿ. ಸರಿಯಾಗಿ ತೋರಸ್ತೇನಿ ನಿನಗ.”

“ಬ್ಯಾಡ್ರಿ,” ಎಂದಳು ಶಾರದಾಬಾಯಿ. “ಏಳು ದೇಶ ನನಗ ತೋರಿಸೀರಿ. ಇದೊಂದು ನೀವು ನೋಡ್ಕೋರಿ.” ಹಿಟ್ಟು ಹತ್ತಿದ ಬೆರಳು ಫೋನಿನ ಮೇಲೆ ಬಂತು. ಕಾಲ್ ಕಟ್ಟಾಯಿತು.

ಜಗದೇವಪ್ಪ ಫೋನನ್ನು ಕಿಸೆಯಲ್ಲಿಟ್ಟು ಎರಡೂ ಕೈಗಳಿಂದ ಬೇಲಿ ಹಿಡಿದು ನಿಂತ. ಕೆಳಗಿನ ಹಬೆ ಒಮ್ಮೆ ಗೋಡೆಗಳ ತುದಿಯತನಕ ತುಂಬಿ ಬಂದು, ಮತ್ತೆ ನಿಧಾನಕ್ಕೆ ತಳಕ್ಕಿಳಿಯಿತು. ಹಿಂದಿನಿಂದ ಸುನೀಲಕುಮಾರ ವ್ಯಾನು ಹೊರಡುತ್ತದೆಂದು ಕೂಗುತ್ತಿದ್ದ. ಅದಕ್ಕಿಂತ ದೊಡ್ಡದಾಗಿ ದೌಲತರಾಯರ ದನಿ ಕೇಳಿತು: “ಜಗದೇವಪ್ಪಾ, ಹಸಿವಿ ಆಗ್ಯದೋ! ಭಜ್ಜಿ ಯಾವಾಗ?”

“ತಡೀರಿ ಗೌಡ್ರ,” ಎಂದ ಜಗದೇವಪ್ಪ, ಹಿಂದಿರುಗಿ ನೋಡದೆ. ಉಣ್ಣುವವರನ್ನು ಅವನು ಕಾಯಿಸಿದ್ದು ಅದೇ ಮೊದಲು.