ಹ್ಯಾಚರಿ ಅತ್ತೆ

ನನ್ನ ಅತ್ತೆ ಮೊಟ್ಟೆಯ ಬಿಸಿಯನ್ನು ಕಣ್ಣುರೆಪ್ಪೆಯಿಂದ ನೋಡುತ್ತಿದ್ದರು. ಯಂತ್ರದ ಬಾಗಿಲು ತೆರೆದು, ತಟ್ಟೆಯಿಂದ ಒಂದು ಮೊಟ್ಟೆ ಎತ್ತಿ, ಎಡಗಣ್ಣು ಮುಚ್ಚಿ, ಅದರ ದಪ್ಪ ತುದಿಯನ್ನು ರೆಪ್ಪೆಯ ಮೇಲೆ ಒತ್ತಿ ಹಿಡಿಯುವರು. ವರ್ಷಗಟ್ಟಲೆ ಹಾಗೆ ಮಾಡಿ ಮಾಡಿ ಆ ರೆಪ್ಪೆಯ ಕೂದಲೆಲ್ಲ ಉದುರಿ, ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಬಲಗಣ್ಣು ಮಾತ್ರ ಆ ಹೊತ್ತಿನಲ್ಲೂ ತೆರೆದೇ ಇರುತ್ತಿತ್ತು. ಕೆಲಸದ ಹೆಂಗಸರಲ್ಲಿ ಯಾರು ಸುಮ್ಮನೆ ನಿಂತಿದ್ದಾರೆ ಎಂದು ಅದು ನೋಡುತ್ತಿತ್ತು.

ಕೆ.ಆರ್. ನಗರದಿಂದ ಸಾಲಿಗ್ರಾಮಕ್ಕೆ ಹೋಗುವ ದಾರಿಯಲ್ಲಿ ನಾಲೆಯ ಪಕ್ಕ ಅವರ ಹ್ಯಾಚರಿ. ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ತೆಗೆಯುವ ಜಾಗ. ಮಾವ ಬೇಗ ತೀರಿಕೊಂಡ ಮೇಲೆ ಅತ್ತೆ ಒಬ್ಬರೇ ಅದನ್ನು ಕಟ್ಟಿ ನಿಲ್ಲಿಸಿದ್ದರು. ಅವರ ಮರಿಗಳು ಹುಣಸೂರು, ಪಿರಿಯಾಪಟ್ಟಣದ ಫಾರಂಗಳಿಗೆಲ್ಲ ಹೋಗುತ್ತಿದ್ದವು. ಮರಿ ಸಾಗಿಸುವ ವ್ಯಾನು ಓಡಿಸುತ್ತಿದ್ದವನು ಅವರ ಒಬ್ಬನೇ ಮಗ, ನನ್ನ ಗಂಡ. ಒಳ್ಳೆಯವನು ಎಂದು ಊರೆಲ್ಲ ಹೇಳುತ್ತಿತ್ತು. ತಾಯಿಯ ಎದುರು ಅವನ ಬಾಯಿಂದ ಮಾತು ಹೊರಟದ್ದನ್ನು ನಾನು ಕಾಣೆ.

ಹೆಣ್ಣು ನೋಡಲು ಅತ್ತೆ ಎಚ್.ಡಿ. ಕೋಟೆಯ ನಮ್ಮ ಮನೆಗೆ ಬಂದಾಗ ನಾನು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೆ. ಅವರು ಕಾಫಿಯ ಲೋಟ ಮುಟ್ಟಲಿಲ್ಲ. ನನ್ನ ಅಡುಗೆ, ಹಾಡು, ಜಾತಕ ಯಾವುದನ್ನೂ ಕೇಳಲಿಲ್ಲ.

"ಕಂಪ್ಯೂಟ್ರು ಓದಿದ್ದೀಯಂತಲ್ಲಮ್ಮಿ. ಕರೆಂಟ್ ಓಗಿ ಬಂದ್ರೆ ಅದು ತಾನೇ ಎದ್ದೇಳೋ ಅಂಗೆ ಮಾಡೋಕೆ ಬತ್ತದಾ?"

"ಬರುತ್ತೆ," ಅಂದೆ.

"ಬುಡಿ, ಇನ್ನೇನೂ ಬ್ಯಾಡ. ಆಯ್ತು," ಎಂದು ನಮ್ಮಪ್ಪನ ಕಡೆ ತಿರುಗಿ ಮದುವೆಯ ಮಾತು ಮುಗಿಸಿದರು.

ಅವರು ಕೇಳಿದ್ದಕ್ಕೆ ಕಾರಣವಿತ್ತು. ಎಲ್ಲೋ ಮುಚ್ಚಿಹೋದ ಹ್ಯಾಚರಿಯಿಂದ ಅವರು ಒಂದು ದೊಡ್ಡ ಯಂತ್ರ ತಂದಿದ್ದರು. ಅದರ ಕಾವು, ತೇವ, ಗಾಳಿ, ಅಪಾಯದ ಗಂಟೆ ಎಲ್ಲವನ್ನೂ ಒಂದು ಹಳೇ ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು. ಕರೆಂಟು ಹೋದರೆ ಜನರೇಟರ್ ತಾನೇ ಶುರುವಾಗುತ್ತಿತ್ತು, ಆದರೆ ಆ ನಡುವಿನ ಗಳಿಗೆಯಲ್ಲಿ ಆರಿಹೋದ ಕಂಪ್ಯೂಟರ್ ಯಾರಾದರೂ ಬಂದು ಗುಂಡಿ ಒತ್ತುವ ತನಕ ಏಳುತ್ತಿರಲಿಲ್ಲ. ಅದು ಏಳದಿದ್ದರೆ ಫ್ಯಾನು ತಿರುಗದು. ಫ್ಯಾನು ತಿರುಗದಿದ್ದರೆ ಚಿಪ್ಪಿನೊಳಗಿನ ಮರಿಗಳು ತಮ್ಮ ಮೈಬಿಸಿಗೇ ಉಸಿರುಕಟ್ಟಿ ಸಾಯುತ್ತವೆ.

ಮದುವೆಯಾದ ವಾರದೊಳಗೆ ನನ್ನನ್ನು ಯಂತ್ರದ ಕೋಣೆಗೆ ಕರೆದುಕೊಂಡು ಹೋದರು. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಕೀಲಿ ಒತ್ತುತ್ತಿದ್ದರೆ ಮಾಮೂಲಿ ಪರದೆಗಿಂತ ಮೊದಲೇ ಒಂದು ನೀಲಿ ಪರದೆ ತೆರೆದುಕೊಳ್ಳುತ್ತದೆ. ಅದಕ್ಕೆ ಬಯಾಸ್ ಅನ್ನುತ್ತಾರೆ. ಯಂತ್ರ ಯಾವಾಗ ಮಲಗಬೇಕು, ಯಾವಾಗ ಏಳಬೇಕು, ಕರೆಂಟು ಹೋಗಿ ಬಂದರೆ ಏನು ಮಾಡಬೇಕು ಎಂಬುದೆಲ್ಲ ತೀರ್ಮಾನವಾಗುವುದು ಅಲ್ಲೇ. ನಾನು ಮಲಗುವುದನ್ನು ತೆಗೆದುಹಾಕಿದೆ. ಇಲಿ ಕೀಬೋರ್ಡಿನ ವೈರು ಕಡಿದರೂ ನಿಲ್ಲದೆ ಮುಂದೆ ಹೋಗಲಿ ಎಂದು ಹಾಕಿದೆ. ಕರೆಂಟು ಮರಳಿದ ಕೂಡಲೇ ತಾನಾಗಿ ಏಳಬೇಕು ಎಂದು ಹಾಕಿ ಉಳಿಸಿದೆ.

ಅತ್ತೆ ಗೋಡೆಯ ಮೇನ್ ಸ್ವಿಚ್ಚನ್ನು ತಾವೇ ಎಳೆದರು. ಮತ್ತೆ ಹಾಕಿದರು. ಕಂಪ್ಯೂಟರ್ ಎದ್ದಿತು. ನಂಬಿಕೆ ಬಾರದೆ ಮತ್ತೆ ಮತ್ತೆ ಎಳೆದು ನೋಡಿದರು.

"ನಾಯಿ ಅಂಗೆ ಎದ್ದೇಳ್ತದಲ್ಲಾ. ನೀನೂ ಬೆಳಗ್ಗೆ ಇಂಗೇ ಏಳ್ಬೇಕು ಕಣಮ್ಮಿ," ಅಂದರು. ಅವರಿಂದ ನನಗೆ ಸಿಕ್ಕ ಹೊಗಳಿಕೆ ಅಷ್ಟೆ.

"ಇದುನ್ನ ಯಾರಾದ್ರೂ ಕೆಡಿಸಿದ್ರೆ?" ಎಂದು ಆಮೇಲೆ ಕೇಳಿದರು.

"ಪಾಸ್‌ವರ್ಡ್ ಹಾಕಬಹುದು ಅತ್ತೆ."

"ಅದೆಂಗೆ ಆಕೋದು ತೋರ್ಸು. ತೋರ್ಸಿ ಆ ಕಡೆ ತಿರುಗು."

ನಾನು ಗೋಡೆಗೆ ಮುಖ ಮಾಡಿ ನಿಂತೆ. ಹಿಂದೆ ಒಂದೇ ಬೆರಳಿನ ಟಕ್ ಟಕ್ ಸದ್ದು. ಮರೆತುಹೋದರೆ ಏನು ಗತಿ ಎಂದು ಕೇಳಿದಾಗ, ಒಳಗೆ ನಾಣ್ಯದಂಥ ಒಂದು ಸೆಲ್ ಇದೆ, ಅದನ್ನು ತೆಗೆದು ಹಾಕಿದರೆ ಪಾಸ್‌ವರ್ಡೂ ಸೆಟ್ಟಿಂಗೂ ಎಲ್ಲ ಅಳಿಸಿಹೋಗುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಮಾರನೆಯ ದಿನ ನೋಡಿದರೆ ಕಂಪ್ಯೂಟರ್ ಡಬ್ಬಿಗೆ ಕಬ್ಬಿಣದ ಪಟ್ಟಿ ಬಿಗಿದು ಬೀಗ ಜಡಿದಿದ್ದರು. ಬೀಗದ ಕೈ ಅವರ ಸೊಂಟದಲ್ಲಿತ್ತು.

ಅತ್ತೆ ಕೈ ಎತ್ತಿ ಹೊಡೆದವರಲ್ಲ. ನಾಲಗೆಯಿಂದಲೇ ಎಲ್ಲ ಮುಗಿಸುತ್ತಿದ್ದರು. ಮಗು ಸತ್ತು ರಜೆ ಕೇಳಲು ಬಂದ ಕೆಲಸದ ಹೆಂಗಸೊಬ್ಬಳು ಯಂತ್ರದ ಕೋಣೆಯಲ್ಲಿ ಅಳತೊಡಗಿದಾಗ, "ಅಳೋದಾದ್ರೆ ಹೊರಗೋಗಿ ಅಳವ್ವ, ಒಳಗೆ ತೇವ ಜಾಸ್ತಿ ಆಯ್ತದೆ," ಅಂದಿದ್ದನ್ನು ನಾನೇ ಕೇಳಿದ್ದೇನೆ. ರಜೆ ಕೊಟ್ಟರು. ಆದರೆ ಆ ಮಾತನ್ನೂ ಕೊಟ್ಟೇ ಕಳಿಸಿದರು.

ಮದುವೆಯಾಗಿ ಕೆಲ ವರ್ಷವಾದರೂ ನನಗೆ ಮಕ್ಕಳಾಗಲಿಲ್ಲ. ಹ್ಯಾಚರಿಯಲ್ಲಿ ಮೊಟ್ಟೆಗಳನ್ನು ಕತ್ತಲೆಯಲ್ಲಿ ದೀಪದ ಮೇಲೆ ಹಿಡಿದು ನೋಡುತ್ತಾರೆ. ಜೀವ ಕೂಡಿದ್ದರೆ ಒಳಗೆ ಕೆಂಪು ನರ ಕಾಣುತ್ತದೆ. ಏನೂ ಕಾಣದೆ ಬರೀ ಬೆಳಕು ಹಾಯ್ದರೆ ಅದು 'ಕ್ಲಿಯರ್'. ಅದನ್ನು ಎತ್ತಿ ಬೇರೆ ಬುಟ್ಟಿಗೆ ಹಾಕುತ್ತಾರೆ. ಒಂದು ದಿನ ನಾನು ದೀಪದ ಮುಂದೆ ಕೂತಿದ್ದಾಗ ಅತ್ತೆ ಹೆಂಗಸರೆಲ್ಲರ ಎದುರಿಗೆ, "ಕ್ಲಿಯರ್ ಕೈಲೇ ಕ್ಲಿಯರ್ ಆರ್ಸುಸ್ತಾ ಇದ್ದೀನಿ ನೋಡ್ರವ್ವ," ಅಂದರು. ಯಾರೂ ನಗಲಿಲ್ಲ. ಆಮೇಲೆ ಆಮೇಲೆ ನಕ್ಕರು. ಹೆಸರು ನಿಂತುಹೋಯಿತು. ವ್ಯಾನಿಗೆ ಡಬ್ಬ ತುಂಬಲು ಬಂದವರೂ, "ಕ್ಲಿಯರ್ ಅಕ್ಕ ಎಲ್ಲವ್ರೆ?" ಅನ್ನತೊಡಗಿದರು. ಗಂಡನಿಗೆ ಹೇಳಿದೆ.

"ಅವ್ವ ತಮಾಸೆಗೆ ಅಂತದೆ ಕಣೆ. ನೀನು ಮನ್ಸಿಗೆ ಆಕೋಬೇಡ," ಅಂದ. ಮೈಸೂರಿಗೆ ಹೋಗಿ ಇಬ್ಬರೂ ಪರೀಕ್ಷೆ ಮಾಡಿಸೋಣ ಎಂದಾಗ ವ್ಯಾನಿನ ಟೈರು ನೋಡುತ್ತ ನಿಂತ.

ಅದೇ ಹೊತ್ತಿಗೆ ಕಂಪ್ಯೂಟರಿನ ಗಡಿಯಾರ ಹಿಂದೆ ಬೀಳತೊಡಗಿತು. ಸೆಲ್ ಸೋತಿದೆ ಎಂಬುದಕ್ಕೆ ಅದೇ ಗುರುತು. ಅದು ಪೂರ್ತಿ ಸತ್ತ ದಿನ ಕರೆಂಟು ಹೋದರೆ ನಾನು ಹಾಕಿದ್ದೆಲ್ಲ ಅಳಿಸಿ, ಯಂತ್ರ ಮೊದಲಿನ ಹಾಗೆ ಬಿದ್ದುಕೊಳ್ಳುತ್ತದೆ. ಅತ್ತೆಗೆ ಬಿಡಿಸಿ ಹೇಳಿದೆ.

"ಸೆಲ್ ತೆಗೆದ್ರೆ ನನ್ ಪಾಸ್‌ವರ್ಡ್ ಓಯ್ತದೆ ಅಂತ ನೀನೇ ಅಂದಿದ್ದೆ."

"ಮತ್ತೆ ಹಾಕ್ಕೊಬೋದು ಅತ್ತೆ. ಈ ಬ್ಯಾಚು ಇಳಿದ ಮೇಲೆ ಒಂದು ಗಳಿಗೆ ಕೆಲಸ."

"ಮಕ್ಕಳ ಭಾಗ್ಯ ಇಲ್ದೋಳು ಯಂತ್ರಾನಾದ್ರೂ ಕೈಗೆ ತಕ್ಕೊಳಾನ ಅಂತ ನೋಡ್ತಿದ್ದೀಯ. ನಂಗೆ ಗೊತ್ತಾಗಲ್ವಾ?"

ಮತ್ತೆ ಎರಡು ಸಲ ಹೇಳಿದೆ. ಕೊನೆಗೆ ನಾನು ಯಂತ್ರದ ಕೋಣೆಗೇ ಬರಕೂಡದು ಎಂದು ಅಡುಗೆಗೆ ಹಾಕಿದರು. ನಾನು ಕೆಲಸದವರಿಗೆ ಮುದ್ದೆ ತೊಳಸುತ್ತಿದ್ದ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರ್ ಶುರುವಾದ ಸದ್ದು ಕೇಳಿಸಿತು. ಅತ್ತೆ ಹೆಂಗಸರನ್ನೆಲ್ಲ ಕರೆದುಕೊಂಡು ಆಚೆಯ ಶೆಡ್ಡಿನಲ್ಲಿ ಹಿಂದಿನ ಬ್ಯಾಚಿನ ಮರಿಗಳಿಗೆ ಲಸಿಕೆ ಹಾಕಿಸುತ್ತಿದ್ದರು. ಕಂಪ್ಯೂಟರ್ ತಾನೇ ಏಳುತ್ತದೆ ಎಂಬ ನಂಬಿಕೆಯಿಂದ ಯಾರೂ ಬಂದು ನೋಡಲಿಲ್ಲ. ಅದು ಎದ್ದಿರಲಿಲ್ಲ. ಅಪಾಯದ ಗಂಟೆ ಬಾರಿಸಬೇಕಾದದ್ದೂ ಅದೇ ಆದ್ದರಿಂದ ಗಂಟೆಯೂ ಬಾರಿಸಲಿಲ್ಲ.

ಹೊತ್ತು ಇಳಿದ ಮೇಲೆ ಅತ್ತೆ ಹೋಗಿ ಬಾಗಿಲು ತೆರೆದರು. ಅವತ್ತು ಮೊಟ್ಟೆಯೊಡೆದು ಮರಿ ಬರುವ ದಿನ. ಎಷ್ಟೋ ಚಿಪ್ಪುಗಳು ಬಿರುಕು ಬಿಟ್ಟು ಕೊಕ್ಕುಗಳು ಹೊರಗೆ ಬಂದಿದ್ದವು. ಬಂದಲ್ಲೇ ನಿಂತಿದ್ದವು.

ಅತ್ತೆ ಕೂಗಾಡಲಿಲ್ಲ. ನನ್ನನ್ನು ಅಡುಗೆಮನೆಯಿಂದ ಕರೆಸಿದರು. ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ನನ್ನ ಕೈಗೆ ಗೊಬ್ಬರದ ಖಾಲಿ ಚೀಲ ಕೊಟ್ಟು, "ನೀನು ಮಾಡಿದ್ದು, ನೀನೇ ತುಂಬು," ಅಂದರು. ತಟ್ಟೆ ತಟ್ಟೆಯಾಗಿ ತುಂಬಿದೆ. ನಡುವೆ ಕೆಲವು ಮರಿಗಳು ಇನ್ನೂ ಬಾಯಿ ಬಿಡುತ್ತಿದ್ದವು.

"ಇದಕ್ಕೆ ಜೀವ ಇದೆ ಅತ್ತೆ."

"ಅರೆ ಜೀವದ್ದು ಯಾರಿಗೆ ಬೇಕು? ಆಕು."

"ಅತ್ತೆ, ಉಸಿರಾಡ್ತಾ ಇದೆ."

"ಆಕು ಅಂದೆ."

ಹಾಕಿದೆ. ನನ್ನ ಗಂಡ ಬಾಗಿಲಲ್ಲಿ ನಿಂತಿದ್ದ. ಚೀಲದ ಬಾಯಿ ಕಟ್ಟಲು ಹಗ್ಗ ತಂದುಕೊಟ್ಟ. ಅವತ್ತಿನ ಯಾವುದನ್ನು ಮರೆತರೂ ಆ ಹಗ್ಗವನ್ನು ನಾನು ಮರೆಯಲಾರೆ.

ಮರಿಗೆ ಕಾದಿದ್ದ ಫಾರಂನವರಿಗೆಲ್ಲ ಅತ್ತೆ ಹೇಳಿದ್ದು ಒಂದೇ ಮಾತು: ಸೊಸೆ ಕಂಪ್ಯೂಟರ್ ಕೆಡಿಸಿಬಿಟ್ಟಳು. ಸೆಲ್ಲಿನ ವಿಷಯ ಅವರಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನನ್ನನ್ನು ತೌರಿಗೆ ಕಳಿಸಿದರು. ಗಂಡ ಮರಿ ಸಾಗಿಸುವ ವ್ಯಾನಿನಲ್ಲೇ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಟ್ಟ. ಹಾರ್ನ್ ಕೂಡ ಹೊಡೆಯದೆ ಹೋದ. ಆಮೇಲೆ ಕೋರ್ಟಿನಲ್ಲಿ ಸಂಬಂಧ ಹರಿಯಿತು. ಅವನಿಗೆ ಇನ್ನೊಂದು ಮದುವೆಯಾಯಿತು.

ನಾನು ಹುಣಸೂರಿಗೆ ಬಂದೆ. ಜೆರಾಕ್ಸ್ ಅಂಗಡಿಯ ಚಾಚಾ ಒಬ್ಬರು ಅರ್ಧ ಕೌಂಟರ್ ಬಿಟ್ಟುಕೊಟ್ಟರು. "ಕೆಲ್ಸ ಬರ್ತದಲ್ಲಾ ಬೇಟಿ, ಬಸ್, ಅಷ್ಟೇ ಸಾಕು. ಬಾಕಿ ಕಥೆ ನನಗೆ ಬ್ಯಾಡ," ಅಂದರು. ರಿಪೇರಿಗೆ ಬಂದ ಕಂಪ್ಯೂಟರ್ ಯಾವುದೇ ಇರಲಿ, ಮೊದಲು ಸೆಲ್ ನೋಡುತ್ತಿದ್ದೆ. ತಂಬಾಕು ವ್ಯಾಪಾರಿಗಳು, ಶಾಲೆಗಳು, ಬೈಲಕುಪ್ಪೆಯ ಅಂಗಡಿಯವರು ನನ್ನನ್ನೇ ಹುಡುಕಿಕೊಂಡು ಬರುವಂತಾಯಿತು.

ಒಂದು ಬೆಳಿಗ್ಗೆ ಆಟೋದಿಂದ ಅತ್ತೆ ಇಳಿದರು. ತೊಡೆಯ ಮೇಲಿಟ್ಟುಕೊಂಡು ತಂದದ್ದು ಅದೇ ಕಂಪ್ಯೂಟರ್ ಡಬ್ಬಿ, ಅದೇ ಕಬ್ಬಿಣದ ಪಟ್ಟಿ. ಹಿಂದೆ ಅವರ ಮಗ. ಅತ್ತೆ ಅರ್ಧಕ್ಕರ್ಧ ಸೊರಗಿಹೋಗಿದ್ದರು. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಕೌಂಟರಿನ ಮೇಲೆ ಬೀಗದ ಕೈ ಇಟ್ಟು, "ಸೆಲ್ ಆಕು. ಮೊದ್ಲಿನಂಗೇ ಮಾಡು," ಅಂದರು. ಆ ಚೀಲ ತುಂಬಿಸಿದವರು ತಾವೇ ಎಂಬುದರ ಗುರುತು ಮುಖದಲ್ಲಿ ಎಲ್ಲೂ ಇರಲಿಲ್ಲ.

ಹೊಸ ಸೆಲ್ ಹಾಕಿ ಒಂದೊಂದೇ ಸೆಟ್ಟಿಂಗ್ ಕೂರಿಸುತ್ತಿದ್ದೆ. ಅತ್ತೆ ಸ್ಟೂಲಿನ ಮೇಲೆ ಕೂತು ನನ್ನ ಕೈ ನೋಡುತ್ತಿದ್ದರು.

"ಅವಳ್ಗೂ ಇನ್ನೂ ಆಗಿಲ್ಲ," ಅಂದರು ಇದ್ದಕ್ಕಿದ್ದಂತೆ. ಹೊಸ ಸೊಸೆಯ ವಿಷಯ. "ಬುಟ್ಟಿ ತುಂಬಾ ಕ್ಲಿಯರ್ ಬಂದ್ರೆ ನಾನು ಮೊಟ್ಟೆ ಬಯ್ಯಕಿಲ್ಲ. ಫಾರಂಗೆ ಫೋನ್ ಮಾಡಿ ಹುಂಜ ಬದ್ಲಾಯ್ಸಿ ಅಂತೀನಿ. ಯಾವತ್ತಿಂದ್ಲೂ ಅಂಗೇ."

ಅಂಗಡಿಯಲ್ಲಿ ಜನರಿದ್ದರು. ಮಗ ಅವರ ಬೆನ್ನಿಗೇ ನಿಂತಿದ್ದ. ಅವನ ಕಿವಿ ಕೆಂಪಾಗುವುದು ನನಗೆ ಕಂಡಿತು.

"ಗೊತ್ತಿತ್ತಾ ಅತ್ತೆ ನಿಮಗೆ? ಆಗಲೇ?"

"ಇಷ್ಟು ವರ್ಷ ಕೋಳಿ ಸಾಕಿದೋಳ್ಗೆ ಗೊತ್ತಾಗಲ್ವಾ? ಅವನು ನನ್ನ ಮಗ ಕಣಮ್ಮಿ. ನೀನು ಯಾರು?"

ಅದು ಕ್ಷಮೆಯೋ ಇನ್ನೊಂದು ಏಟೋ ನನಗೆ ಇವತ್ತಿಗೂ ಗೊತ್ತಿಲ್ಲ. ಉಳಿದ ಸೆಟ್ಟಿಂಗ್‌ಗಳನ್ನು ಕೂರಿಸತೊಡಗಿದೆ. ಚಾಚಾ ಜೆರಾಕ್ಸ್ ಮಾಡುವುದನ್ನು ನಿಲ್ಲಿಸಿ ಹೊರಗೆ ನೋಡುತ್ತಿದ್ದರು.

ಕೆಲಸ ಮುಗಿಯಿತು. ಪಾಸ್‌ವರ್ಡ್ ಹಾಕುವಿರಾ ಎಂದು ಕೀಬೋರ್ಡನ್ನು ಅವರ ಕಡೆ ಸರಿಸಿದೆ.

"ನೀನೇ ಆಕು. ನಂಗೂ ಯೇಳ್ಬೇಡ, ಇವನ್ಗೂ ಯೇಳ್ಬೇಡ. ನಾನು ಕಣ್ ಮುಚ್ಚಿದ್ಮೇಲೆ ಬೇಕಾದ್ರೆ ಬಂದು ನಿನ್ ಮುಂದೆ ನಿಂತ್ಕೊಂಡು ಕೇಳ್ಲಿ."

ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡು ಒಂದೆರಡು ಕೀಲಿ ಒತ್ತಿ ಮುಗಿಸಿದೆ. ಅತ್ತೆ ಮಗನ ತೋಳು ಹಿಡಿಯದೆ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

ಮಳೆಗಾಲ ಕಳೆದ ಮೇಲೆ ಅವನು ಬಂದ, ಡಬ್ಬಿ ಹೊತ್ತುಕೊಂಡು, ಒಬ್ಬನೇ. ತಲೆ ಬೋಳಿಸಿಕೊಂಡಿದ್ದ. ಅತ್ತೆ ಹೋದರು ಎಂದು ನನಗೆ ಗೊತ್ತಾದದ್ದು ಹಾಗೆ. ಮುಂದಿದ್ದ ಗಿರಾಕಿಯ ಕೆಲಸ ಮುಗಿಯುವ ತನಕ ಅವನನ್ನು ನಿಲ್ಲಿಸಿದೆ. ನಿಂತ.

"ಹೊಸ ಡಿಸ್ಕ್ ಆಕಿಸ್ಬೇಕು. ಬಯಾಸ್‌ನಲ್ಲಿ ಏನೋ ಬದ್ಲಾಯ್ಸಬೇಕಂತೆ. ಪಾಸ್‌ವರ್ಡ್ ನಿನ್ ಹತ್ರ ಅದೆ ಅಂತ..." ಎಂದು ತಡವರಿಸಿದ.

ಡಬ್ಬಿಗೆ ವೈರು ಕೊಟ್ಟು ಡಿಲೀಟ್ ಒತ್ತಿದೆ. ನೀಲಿ ಪರದೆ ಏನನ್ನೂ ಕೇಳದೆ ತೆರೆದುಕೊಂಡಿತು. ಅವತ್ತು ನಾನು ಪಾಸ್‌ವರ್ಡ್ ಹಾಕಿರಲಿಲ್ಲ. ಒಂದು ಬೀಗದ ದೆಸೆಯಿಂದ ಸತ್ತದ್ದನ್ನೆಲ್ಲ ಚೀಲಕ್ಕೆ ತುಂಬಿದ್ದ ನನಗೆ ಇನ್ನೊಂದು ಬೀಗ ಹಾಕಲು ಮನಸ್ಸು ಬಂದಿರಲಿಲ್ಲ.

"ಲಾಕ್ ಇರ್ಲಿಲ್ವಾ?"

"ಇರ್ಲಿಲ್ಲ. ನೀನು ಒಂದು ಸಲ ಒತ್ತಿ ನೋಡಿದ್ರೆ ಗೊತ್ತಾಗ್ತಿತ್ತು."

ಅವನು ತಲೆ ತಗ್ಗಿಸಿದ. ತಿಥಿ ಎಲ್ಲ ಮುಗಿಯಿತಾ ಎಂದು ಕೇಳಿದೆ. ಮುಗೀತು ಅಂದ. ನನಗೊಂದು ಫೋನು ಮಾಡಬಹುದಿತ್ತಲ್ಲ ಎಂದೆ.

"ಅವ್ವನೇ ಬ್ಯಾಡ ಅಂದಿತ್ತು. 'ನನ್ನ ಹೆಣ ನೋಡೋಕೆ ಅವಳನ್ನ ಕರೀಬೇಡಿ. ಬಂದು ನಿಂತ್ಕೊಂಡು ಗೆದ್ದೆ ಅಂದ್ಕೊತಾಳೆ' ಅಂತು. ಅದೇ ಕೊನೆ ಮಾತು ಕಣೆ. ಆಮೇಲೆ ಮಾತಾಡ್ಲೇ ಇಲ್ಲ."

ನನಗೆ ನಗು ಬಂತು. ತಡೆಯಲಾಗದೆ ನಕ್ಕೆ. ಅವನು ಗಾಬರಿಯಿಂದ ನೋಡುತ್ತಿದ್ದ. ಅತ್ತೆ ನನ್ನ ಬಗ್ಗೆ ಅಂದದ್ದೆಲ್ಲ ಸುಳ್ಳು ಎಂದು ನಂಬಿಕೊಂಡೇ ಅಷ್ಟು ವರ್ಷ ಬದುಕಿದ್ದೆ. ಈ ಒಂದು ಮಾತು ಮಾತ್ರ ಸುಳ್ಳಾಗಿರಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆ. ಹೋಗಿ, ಅವರ ತಲೆಯ ಪಕ್ಕ ನಿಂತು, ಅವರು ಹೇಳಿದ ಹಾಗೆಯೇ ಅಂದುಕೊಳ್ಳುತ್ತಿದ್ದೆ.