ಒಂದು ದಿನ ಮೊದಲೇ ಬಂದ ಸಂತ ಜೋಸೆಫರು

ಪುಣೆಯ ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ ಬೆಳಗಿನ ಮೊದಲ ಪೂಜೆ ಇಂಗ್ಲಿಷಿನಲ್ಲಿ. ಅದಕ್ಕೂ ಮೊದಲಿನ ಹತ್ತು ನಿಮಿಷ ಕನ್ನಡದವರದು. ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯಿಂದ ಬಂದು ಇಲ್ಲೇ ನೆಲೆನಿಂತ ಕೆಲವು ಕುಟುಂಬಗಳು ಚರ್ಚಿನ ಬದಿಯ ಪುಟ್ಟ ಪ್ರಾರ್ಥನಾಲಯದಲ್ಲಿ ಸೇರುತ್ತಿದ್ದೆವು. ತೊಂಬತ್ತರ ದಶಕದ ಆರಂಭದಿಂದ ಅಲ್ಲಿ ದಿನದ ಚಿಂತನೆಯನ್ನು ನಾನೇ ಹೇಳುತ್ತಿದ್ದೆ. ಮೊದಲು ಆ ದಿನ ನೆನೆಯುವ ಸಂತರು, ಆಮೇಲೆ ಶುಭಸಂದೇಶ, ಅಂದರೆ ಯೇಸುವಿನ ಬದುಕಿನಿಂದ ಆ ದಿನಕ್ಕೆಂದು ಗೊತ್ತಾದ ಬೈಬಲ್ ಪಾಠ, ಕೊನೆಗೆ 'ಇಂದಿನ ಕೆಲಸ'. ಈ ಕ್ರಮ ಎಂದೂ ಬದಲಾಗಲಿಲ್ಲ. ಇಂದಿನ ಕೆಲಸವೆಂದರೆ ಸಂಜೆಯೊಳಗೆ ಮಾಡಿ ಮುಗಿಸುವಂಥದು. 'ಎಲ್ಲರನ್ನೂ ಪ್ರೀತಿಸಿ' ಎಂದು ಹೇಳಿ ಕಳಿಸಿದರೆ ಯಾರೂ ಏನೂ ಮಾಡುವುದಿಲ್ಲ. 'ಮಾತು ಬಿಟ್ಟ ನಾದಿನಿಗೆ ಇವತ್ತು ಫೋನ್ ಮಾಡಿ' ಎಂದರೆ ಒಬ್ಬರಾದರೂ ಮಾಡುತ್ತಾರೆ. ಕನ್ಯಾಸ್ತ್ರೀಯರ ಬೋರ್ಡಿಂಗಿನಲ್ಲಿ ಬೆಳೆದು, ನರ್ಸಾಗಿ ದುಡಿದು ನಿವೃತ್ತಳಾದವಳು ನಾನು. ನನಗೆ ಹೀಗಲ್ಲದೆ ಬೇರೆ ರೀತಿ ಗೊತ್ತಿಲ್ಲ.

ಹೊಸ ಶತಮಾನದಲ್ಲಿ ನಮ್ಮ ಸಂಖ್ಯೆ ಇಳಿಯಿತು. ಮಕ್ಕಳು ಇಂಗ್ಲಿಷ್ ಪೂಜೆಗೆ ನೇರವಾಗಿ ಬರತೊಡಗಿದರು. ಅದೇ ಹೊತ್ತನ್ನು ಬೇರೊಂದು ಪ್ರಾರ್ಥನಾ ಗುಂಪು ಕೇಳುತ್ತಿತ್ತು. ಚರ್ಚಿಗೆ ಹೊಸದಾಗಿ ಬಂದಿದ್ದ ಗುರುಗಳು ಒಳ್ಳೆಯವರು, ಆದರೆ ಮಾತು ನೇರ. ಒಂದು ದಿನ ಖಾಲಿ ಬಿಟ್ಟರೂ ಆ ಸಮಯವನ್ನು ಆ ಗುಂಪಿಗೆ ಕೊಡುತ್ತೇನೆ ಎಂದು ನನಗೆ ಹೇಳಿಯೇಬಿಟ್ಟರು. ಆ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲೇ ನನ್ನ ಗಂಟಲಿನ ಶಸ್ತ್ರಚಿಕಿತ್ಸೆ ಆಯಿತು. ಡಾಕ್ಟರು ಅಪ್ಪಣೆ ಕೊಡುವವರೆಗೆ ಮಾತಿಲ್ಲ, ಪಿಸುಮಾತೂ ಇಲ್ಲ.

ಚಿಂತನೆ ಯಾರು ಹೇಳಬೇಕು? ಒಬ್ಬರಿಗೆ ಶಿಫ್ಟು, ಇನ್ನೊಬ್ಬರಿಗೆ ಸಂಕೋಚ. ಮನೆಯಲ್ಲಿ ಊಟಕ್ಕೆ ಕುಳಿತಾಗ ಸೊಸೆ, "ಆಯಿ, ನಾ ಹೇಳ್ತೀನಿ" ಎಂದಳು. ಅವಳು ಅಹಮದನಗರ ಕಡೆಯ ಮರಾಠಿ ಕ್ರೈಸ್ತರ ಮನೆಯವಳು, ಬಡಗಿಯ ಮಗಳು. ವಿಮಾನ ನಗರದ ಒಂದು ಆಫೀಸಿನಲ್ಲಿ ಕೆಲಸ. ಕನ್ನಡ ಕಲಿತದ್ದು ನಮ್ಮ ಅಡುಗೆಮನೆಯಲ್ಲಿ.

ಚಾಕಣದ ಕಾರ್ಖಾನೆಯಿಂದ ದಣಿದು ಬಂದಿದ್ದ ಮಗ ನಕ್ಕುಬಿಟ್ಟ. "ನೀನಾ? ನಿನ್ನ ಕನ್ನಡಾ ಕೇಳಿದ್ರ ಸಂತರು ಸ್ವರ್ಗಾ ಬಿಟ್ಟು ಓಡ್ತಾರ."

"ಓಡ್ಲಿ. ನಿಮ್ಮ ಮರಾಠಿ ಕೇಳಿ ನಮ್ಮಪ್ಪ ಓಡ್ಲಿಲ್ಲ, ಮಗಳನ್ನ ಕೊಟ್ಟಾರ."

ಮರುದಿನದಿಂದ ಚಿಂತನೆ ಹೇಳಲು ಅವಳು ನಿಂತಳು. ಕನ್ನಡ ವಾಕ್ಯಗಳನ್ನು ಮರಾಠಿ ಅಕ್ಷರಗಳಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡು ಓದುತ್ತಿದ್ದಳು. ನಾನು ಮುಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿರುತ್ತಿದ್ದೆ. ಮೊದಲ ಕೆಲವು ದಿನ ಚೆನ್ನಾಗಿಯೇ ಸಾಗಿತು. ಆಮೇಲೆ ಮಾರ್ಚ್ ಹತ್ತೊಂಬತ್ತು ಬಂತು. ಅದು ಯೇಸುವಿನ ಸಾಕುತಂದೆ, ಬಡಗಿ ಸಂತ ಜೋಸೆಫರ ಹಬ್ಬ. ಬಡಗಿಯ ಮಗಳು ಅದಕ್ಕಾಗಿ ವಾರದಿಂದ ತಯಾರಿ ನಡೆಸಿದ್ದಳು.

ಆದರೆ ಆ ವರ್ಷ ಹತ್ತೊಂಬತ್ತು ಭಾನುವಾರ ಬಿದ್ದಿತ್ತು. ತಪಸ್ಸುಕಾಲದ ಭಾನುವಾರದಲ್ಲಿ ಸಂತರ ಹಬ್ಬ ನಡೆಯುವುದಿಲ್ಲ. ಅದು ಸೋಮವಾರಕ್ಕೆ ಹೋಗುತ್ತದೆ. ಅವಳು "ಇವತ್ತು ಸಂತ ಜೋಸೆಫರ ಹಬ್ಬ" ಎಂದು ಶುರುಮಾಡಿದಾಗಲೇ ನನಗೆ ತಿಳಿಯಿತು. ಬಾಯಿ ಬಿಡುವಂತಿರಲಿಲ್ಲ. ಹಿಂದೆ ತಿರುಗಿ ನೋಡಿದರೆ ಬಾಗಿಲಲ್ಲಿ ಗುರುಗಳೇ ನಿಂತಿದ್ದಾರೆ.

ರೈಲ್ವೆಯಿಂದ ನಿವೃತ್ತರಾದ ಗದಗಿನ ಹಿರಿಯರೊಬ್ಬರು ಯಾವ ತಪ್ಪನ್ನೂ ಬಿಡುವವರಲ್ಲ. "ಏ ತಂಗಿ, ತಡೀ. ಇವತ್ತು ಆಯ್ತವಾರ. ಜೋಸೆಫರು ನಾಳೆ ಬರ್ತಾರ. ನಿನ್ನ ಗಾಡಿ ಒಂದ ದಿನಾ ಮೊದಲ ಬಂದದ."

ಎಲ್ಲರೂ ನಕ್ಕರು. ಸೊಸೆಯ ಮುಖ ಕೆಂಪಾಯಿತು. ಅವಳು ಓಡಿಹೋಗುತ್ತಾಳೆ, ಹತ್ತು ನಿಮಿಷವೂ ಅವಳೊಂದಿಗೆ ಹೋಯಿತು ಎಂದುಕೊಂಡೆ. ಅವಳು ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟಳು.

"ಹೌದ್ರಿ ಕಾಕಾ, ತಪ್ಪಾತು. ಆದ್ರ ಜೋಸೆಫರು ಸಿಟ್ಟಾಗಂಗಿಲ್ಲ. ದೇವದೂತ ಕನಸಿನ್ಯಾಗ ಬಂದು ಏಳು ಅಂದ್ರ ಏಳೋ ಮನುಷ್ಯಾ, ಹೋಗು ಅಂದ್ರ ಹೋಗೋ ಮನುಷ್ಯಾ. ನಾಳೆ ಬಾ ಅಂದ್ರ ನಾಳೆ ಬರ್ತಾರ."

ನಗು ನಿಂತಿತು. ಅವಳು ಶುಭಸಂದೇಶಕ್ಕೆ ಬಂದಳು. ಆ ಭಾನುವಾರದ ಪಾಠ, ಯೇಸುಸ್ವಾಮಿ ದೇವಾಲಯದಲ್ಲಿ ವ್ಯಾಪಾರಿಗಳನ್ನು ಹೊರಗಟ್ಟಿದ್ದು.

"ಸ್ವಾಮಿ ಅಲ್ಲಿ ಟೇಬಲ್ ಉರುಳಿಸಿದ್ರು. ನಮ್ಮಪ್ಪ ಬಡಿಗ್ಯಾ. ನಮ್ಮ ಮನ್ಯಾಗ ಟೇಬಲ್ ಮ್ಯಾಲ ಕುಂತ್ರ ಪೆಟ್ಟ ಬೀಳ್ತಿತ್ತು. ಜೋಸೆಫರ ಮನ್ಯಾಗ ಬೆಳದ ಮಗಾ, ಒಂದ ಟೇಬಲ್ ಮಾಡಾಕ ಎಷ್ಟ ಮೆಹನತ್ ಅದ ಅಂತ ಅವರಿಗೆ ಗೊತ್ತಿರಲಿಲ್ಲೇನು? ಗೊತ್ತಿದ್ದೂ ಉರುಳಿಸಿದ್ರು. ಅಂದಮ್ಯಾಲ ಆ ದೇವಾಲಯ, ಸ್ವರ್ಗದಾಗಿನ ಅಪ್ಪನ ಮನಿ, ಅವರಿಗೆ ಎಷ್ಟ ದೊಡ್ಡದಿತ್ತು, ನೋಡ್ರಿ."

ನಾನು ಬಾಲ್ಯದಿಂದ ಗುರುಗಳ ಎಷ್ಟೋ ಪ್ರವಚನಗಳನ್ನು ಕೇಳಿದವಳು. ಆ ಪಾಠದ ಮೇಲೆ ನಾನೇ ಹಲವು ಸಲ ಮಾತಾಡಿದ್ದೇನೆ. ಉರುಳಿದ ಟೇಬಲನ್ನು ಮಾಡಿದ ಕೈಯ ಕಡೆಯಿಂದ ನೋಡಿದವರನ್ನು ಅಂದೇ ಮೊದಲು ಕಂಡೆ. ಬೆನ್ನು ನೆಟ್ಟಗೆ ಮಾಡಿ ಕೂತೆ.

"ಇಂದಿನ ಕೆಲಸ," ಎಂದಳು ನನ್ನದೇ ಗತ್ತಿನಲ್ಲಿ. "ಮನ್ಯಾಗಿನ ಟೇಬಲ್ ಮ್ಯಾಲ ಪೇಪರು, ಗಾಡಿ ಕೀಲಿ, ಬ್ಯಾಗು, ಏನೇನ ರಾಶಿ ಹಾಕೀರಿ, ಎಲ್ಲಾ ತಗೀರಿ. ಸಂಜೀಕ ಮನಿಮಂದಿ ಕೂಡಿ ಕುಂತು ಉಣ್ರಿ. ಟಿವಿ ಬಂದ್."

"ನಮ್ಮಲ್ಲಿ ಟೇಬಲ್ಲೇ ಇಲ್ಲ ತಂಗಿ, ನೆಲದ ಮ್ಯಾಲ ಉಣ್ತೀವಿ," ಎಂದರು ರೈಲ್ವೆ ಹಿರಿಯರು.

"ಹಂಗಾದ್ರ ನಿಮಗ ಸೂಟಿ, ಕಾಕಾ!"

ಈ ಸಲದ ನಗು ಬೇರೆಯದಾಗಿತ್ತು. ಗುರುಗಳಿಗೆ ಕನ್ನಡ ಬಾರದು. ಏನು ನಡೆಯಿತೆಂದು ಕೇಳಿದಾಗ ತಪ್ಪು ಹಿಡಿದ ಹಿರಿಯರೇ ಮುಂದೆ ಬಂದು ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿದರು, ಅವಳು ಹೇಳಿದ್ದಕ್ಕಿಂತ ಉದ್ದವಾಗಿ. ಗುರುಗಳು, ತಾವು ಆ ದಿನದ ಪೂಜೆಯ ಪ್ರವಚನದಲ್ಲಿ ಬಡಗಿಯ ಮಾತನ್ನು ಬಳಸಿಕೊಳ್ಳಬಹುದೇ ಎಂದು ಸೊಸೆಯನ್ನು ಕೇಳಿದರು. ಬಳಸಿಕೊಂಡರು ಕೂಡ, 'ಕನ್ನಡ ಗುಂಪಿನಲ್ಲಿ ಇವತ್ತು ಕೇಳಿದ್ದು' ಎಂದು ಇಡೀ ಚರ್ಚಿಗೆ ಹೇಳಿ. ಆ ಸಮಯವನ್ನು ಬೇರೆಯವರಿಗೆ ಕೊಡುವ ಮಾತು ಮತ್ತೆ ಬರಲಿಲ್ಲ.

ಈಸ್ಟರ್ ಕಳೆದ ಮೇಲೆ ಡಾಕ್ಟರು ನನಗೆ ಮಾತಾಡಲು ಅಪ್ಪಣೆ ಕೊಟ್ಟರು. ಮರುದಿನ ನಾನೇ ನಿಲ್ಲುತ್ತೇನೆಂದು ಎಲ್ಲರೂ ತಿಳಿದಿದ್ದರು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಸೊಸೆಗೆ ಹೇಳಿದೆ: "ನಾಳೆನೂ ನೀನ ಹೇಳು."

ಅವಳು ನಿಂತಳು. "ಆಯಿ, ತಪ್ಪಾದ್ರ?"

"ತಪ್ಪಾದ್ರ ನಾ ಹೇಳ್ತೀನಿ. ಮುಂದಿನ ಬೆಂಚಿನ್ಯಾಗ ಕುಂತಿರ್ತೀನಲ್ಲ."