ಮಿದುಳಿನ ವಯಸ್ಸು ಮೂವತ್ತೊಂದು

ನನ್ನ ಅಕ್ಕ ವಿಜಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಮದುವೆಯಾಗದ ನಾವಿಬ್ಬರೇ ಆ ಮನೆಯಲ್ಲಿದ್ದದ್ದು. ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಅಕ್ಕ ಯಾರ ಅಳತೆಯನ್ನೂ ಬರೆದಿಟ್ಟುಕೊಂಡವಳಲ್ಲ. ಒಮ್ಮೆ ಟೇಪು ಹಿಡಿದರೆ ಮುಗಿಯಿತು. ಎರಡು ವರ್ಷ ಬಿಟ್ಟು ಬಂದ ಹೆಂಗಸಿಗೂ, "ತೋಳು ನಿಮಗೆ ಹನ್ನೊಂದು ಅಲ್ವಾ? ಸ್ವಲ್ಪ ದಪ್ಪ ಆಗಿದೀರ, ಅರ್ಧ ಇಂಚು ಬಿಡ್ತೀನಿ" ಅನ್ನುತ್ತಿದ್ದಳು. ಅವರು ನಾಚಿ ನಗುತ್ತಿದ್ದರು.

ಎರಡು ಸಾವಿರದ ಎಂಟೋ ಒಂಬತ್ತೋ ಇಸವಿಯಲ್ಲಿ ಅವಳಿಗೆ ಮಿದುಳು ಜ್ವರ ಬಂತು. ಮೂರು ವಾರ ಆಸ್ಪತ್ರೆ. ಬದುಕಿ ಬಂದಳು, ಓಡಾಡಿದಳು, ಒಲೆಯ ಮುಂದೆಯೂ ನಿಂತಳು. ಆದರೆ ಬೆಳಿಗ್ಗೆ ಕೇಳಿದ ಮಾತು ಮಧ್ಯಾಹ್ನಕ್ಕೆ ಅವಳಲ್ಲಿ ಉಳಿಯುತ್ತಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಕತ್ತರಿ ಹಿಡಿದು ಬಟ್ಟೆಯ ಮುಂದೆ ಕೂತರೆ, ಅದು ಯಾರದು, ಅವರ ಅಳತೆ ಏನು ಎಂಬುದು ಹೊಳೆಯದೆ ಸುಮ್ಮನೆ ಕೂತೇ ಇರುತ್ತಿದ್ದಳು.

ಆಗ ಸಿಂಗಪುರದಲ್ಲಿದ್ದ ನಮ್ಮ ಚಿಕ್ಕಪ್ಪನ ಮಗಳು ರಜೆಗೆ ಬಂದವಳು ಒಂದು ಆಟದ ಯಂತ್ರ ಕೊಟ್ಟಳು. ಪುಸ್ತಕದ ಹಾಗೆ ತೆರೆದರೆ ಎರಡು ಪರದೆ. ಪುಟ್ಟ ಕಡ್ಡಿಯಿಂದ ಕೂಡುವ, ಕಳೆಯುವ ಲೆಕ್ಕಗಳಿಗೆ ಉತ್ತರ ಬರೆಯಬೇಕು. ಮಿಂಚಿ ಮಾಯವಾದ ಅಂಕಿಗಳು ಎಲ್ಲಿದ್ದವೆಂದು ಮುಟ್ಟಿ ತೋರಿಸಬೇಕು. ಕೊನೆಗೆ ಅದು ಆಡಿದವರ ಮಿದುಳಿನ ವಯಸ್ಸು ಎಷ್ಟೆಂದು ಹೇಳುತ್ತಿತ್ತು.

"ಅಲ್ಲಿ ವಯಸ್ಸಾದವರೆಲ್ಲ ಆಡ್ತಾರೆ ಕಣೇ. ತಲೆಗೆ ವ್ಯಾಯಾಮ" ಅಂದಳು.

ಅಕ್ಕನಿಗೆ ಆಗ ನಲವತ್ತನಾಲ್ಕು. ಯಂತ್ರ ಮೊದಲ ದಿನ ಎಪ್ಪತ್ತೆಂಟು ಅಂದಿತು. ನಾನು ಹಟಕ್ಕೆ ಬಿದ್ದೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಅರ್ಧ ಗಂಟೆ, ಸಂಜೆ ಬಂದ ಮೇಲೆ ಅರ್ಧ ಗಂಟೆ, ಎದುರಿಗೆ ಕೂತು ಆಡಿಸಿದೆ. ತಲೆನೋವು ಅಂದರೂ ಬಿಡಲಿಲ್ಲ. "ಒಂದು ಪುಸ್ತಕದಲ್ಲಿ ಅಳತೆ ಬರ್ಕೊಳ್ತೀನಿ" ಎಂದು ಅವಳು ಒಂದು ದಿನ ಅಂದಾಗ, "ಬರ್ಕೊಂಡ್ರೆ ತಲೆ ಇನ್ನೂ ಸೋಮಾರಿ ಆಗುತ್ತೆ, ಬೇಡ" ಅಂದುಬಿಟ್ಟೆ.

ಅಂಕ ಇಳಿಯತೊಡಗಿತು. ಅರವತ್ತು, ಐವತ್ತೆರಡು, ನಲವತ್ತು. ಐದನೇ ತಿಂಗಳಲ್ಲಿ ಪರದೆಯ ಮೇಲೆ ಮೂವತ್ತೊಂದು ಬಂತು. ನಾನು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದೆ, ಸಂಜೆ ಮೈಸೂರುಪಾಕು ತಂದೆ. ಅದೇ ಧೈರ್ಯದ ಮೇಲೆ, ಬಸವೇಶ್ವರನಗರದಿಂದ ಬಂದ ಹಳೆಯ ಗಿರಾಕಿಯೊಬ್ಬರ ಕೈಯಿಂದ ಅವರ ಮಗಳ ಮದುವೆಯ ರೇಷ್ಮೆ ರವಿಕೆಯನ್ನೂ ಅವರದೇ ಒಂದನ್ನೂ ಹೊಲಿಯಲು ತೆಗೆದುಕೊಂಡೆವು. ಅಕ್ಕ ತಾಯಿಗೂ ಮಗಳಿಗೂ ಅಳತೆ ತೆಗೆದಳು, ಎಂದಿನಂತೆ ಬರೆಯದೆ.

ಮದುವೆಗೆ ನಾಲ್ಕು ದಿನ ಇರುವಾಗ ಹುಡುಗಿ ತಾಯಿಯ ಜೊತೆ ಹಾಕಿ ನೋಡಲು ಬಂದಳು. ತಾಯಿ ಸಣಕಲು, ಮಗಳು ಮೈತುಂಬಿಕೊಂಡವಳು. ತೋಳು ಮೊಣಕೈ ದಾಟಿ ಮೇಲೇರಲಿಲ್ಲ. ಅಕ್ಕ ತಾಯಿಯ ಅಳತೆಗೆ ಮಗಳ ಬಟ್ಟೆ ಕತ್ತರಿಸಿದ್ದಳು. ತಾಯಿ ಕೂಗಾಡಲಿಲ್ಲ. ರವಿಕೆ ಮಡಿಸಿ ಚೀಲಕ್ಕೆ ಹಾಕಿಕೊಂಡು, "ಸೀರೆ ಜೊತೆ ಬಂದ ಬಟ್ಟೆ ಕಣಮ್ಮ, ಬೇರೆ ಎಲ್ಲಿ ತರ್ಲಿ" ಎಂದು ಹೊರಟುಹೋದರು. ಕೂಗಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮರುದಿನ ರಜೆ ಹಾಕಿ, ಯಂತ್ರವನ್ನು ಹಿಡಿದು ಅಕ್ಕನನ್ನು ಕರೆದುಕೊಂಡು, ಜ್ವರಕ್ಕೆ ಔಷಧಿ ಕೊಟ್ಟಿದ್ದ ಡಾಕ್ಟರ ಹತ್ತಿರ ಹೋದೆ.

"ಮೂವತ್ತೊಂದು ಅಂತ ತೋರಿಸ್ತಿದೆ ಸಾರ್. ಮತ್ತೆ ಹೀಗ್ಯಾಕೆ?"

ಅವರು ಯಂತ್ರವನ್ನು ತಿರುಗಿಸಿ ನೋಡಿದರು. "ದಿನಾ ಆಡಿದ್ರೆ ಈ ಆಟ ಚೆನ್ನಾಗಿ ಬರುತ್ತಮ್ಮ. ಇವರಿಗೂ ಬಂದಿದೆ. ಆದರೆ ಇದರಲ್ಲಿ ಚುರುಕಾದ್ರೆ ಬೇರೆ ಕೆಲಸದಲ್ಲೂ ಚುರುಕಾಗ್ತಾರೆ ಅಂತ ನಾನು ಹೇಳಲಾರೆ. ಮರೆತು ಹೋಗೋದನ್ನ ಬರೆದಿಟ್ಟುಕೊಳ್ಳೋಕೆ ಹೇಳಿ."

ನನಗೆ ಮೈ ಉರಿಯಿತು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಲು ಬಾಯಿ ತೆರೆದೆ. ಆ ಐದು ತಿಂಗಳಲ್ಲಿ ಅವರನ್ನು ನಾನು ಕೇಳಿಯೇ ಇರಲಿಲ್ಲ ಎಂಬುದು ನೆನಪಾಗಿ ಮುಚ್ಚಿಕೊಂಡೆ.

ಬರುವಾಗ ಆಟೋದಲ್ಲಿ ಅಕ್ಕ ಅಂದಳು, "ನಂಗೆ ಗೊತ್ತಿತ್ತು ಕಣೇ. ಹೊಲಿಗೆ ಮಿಷನ್ ಮುಂದೆ ಕೂತ್ರೆ ಏನೂ ನೆನಪಿಗೆ ಬರ್ತಿರ್ಲಿಲ್ಲ."

"ಮತ್ತೆ ಯಾಕೆ ಆಡ್ತಿದ್ದೆ?"

"ಅಂಕ ನೋಡಿ ನೀನು ಖುಷಿಯಾಗಿರ್ತಿದ್ದೆ."

"ಒಂದು ಮಾತು ಹೇಳೋಕೇನಾಗಿತ್ತು?"

"ಬರ್ಕೊಳ್ತೀನಿ ಅಂದೆನಲ್ಲ. ನೀನೇ ಬೇಡ ಅಂದೆ."

ಎಲ್ಲವನ್ನೂ ಮರೆಯುವವಳಿಗೆ ಅದೊಂದು ನೆನಪಿತ್ತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಸುಳ್ಳು ಹೇಳಿತೆಂದು ಯಂತ್ರವನ್ನು ದೂರಲಾಗದು; ಅದು ತನ್ನ ಲೆಕ್ಕವನ್ನಷ್ಟೇ ಹೇಳಿತ್ತು. ಆ ಲೆಕ್ಕವನ್ನು ಅಕ್ಕನ ತಲೆಗೆ ಅಂಟಿಸಿದವಳು ನಾನು.

ಆಮೇಲೆ ಉದ್ದದ ನೋಟ್‌ಬುಕ್ ಬಂತು. ಹೆಸರು, ಅಳತೆ, ಪಕ್ಕಕ್ಕೆ ಗುಂಡುಸೂಜಿ ಚುಚ್ಚಿದ ಅವರ ಬಟ್ಟೆಯ ಒಂದು ತುಣುಕು. ತಪ್ಪುಗಳು ಬಹುಮಟ್ಟಿಗೆ ನಿಂತವು. ಹಳೆಯ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಮಾತ್ರ ಉಳಿದರು. ಅಕ್ಕ ಪ್ರತಿಯೊಬ್ಬರಿಗೂ ಹಾಳೆ ತಿರುವಿ, ಬೆರಳಿಟ್ಟು ಓದಿ, ಇನ್ನೊಮ್ಮೆ ಓದಿ, ಆಮೇಲೆ ಮಾತಾಡುತ್ತಿದ್ದಳು. ಕಾದು ನಿಂತವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತ ನನಗೂ, ಬೇಗ ಹೇಳಬಾರದೇ ಎಂದು ಒಳಗೇ ಕುದಿಯುತ್ತಿತ್ತು. ಬಾಯಿ ಬಿಗಿಹಿಡಿದು ಬಸ್ಸಿಗೆ ಹೋಗುತ್ತಿದ್ದೆ.